ಅಂಗಡಿ ಬೇರೆ ಕಡೆ ತೆರೆದಿದ್ದಾರಲ್ಲ, ಇನ್ನೇನು ಗೋಳು ಅನ್ನುವವರಿಗೆ

ನಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗೂ ಕೊರಿಯಾ ಬಂದು ಸೇರಿದೆ. ಶಾಂಪೂ ಸರ, ಗುಟ್ಕಾ ಸರಗಳ ನಡುವೆ ಕಪ್ಪು-ಕೆಂಪು ಬಣ್ಣದ ನೂಡಲ್ಸ್ ಪ್ಯಾಕೆಟ್ ಕೂತಿದೆ. ಪಿಯುಸಿ ಹುಡುಗರು ನಾಲ್ಕು ಜನ ದುಡ್ಡು ಕೂಡಿಸಿ ತಂದು, ಕುದಿಸಿ, ಕಣ್ಣು ಮೂಗಲ್ಲಿ ನೀರು ಸುರಿಸುತ್ತಾ ತಿಂದು ರೀಲ್ಸ್ ಮಾಡುತ್ತಾರೆ. ಅವರಿಗೆ ಕೊರಿಯಾ ನೂಡಲ್ಸ್ ಅಂದರೆ ಖಾರದ ಪಂದ್ಯ. ತಿನ್ನಲಿ ಬಿಡಿ, ನಮ್ಮ ತಕರಾರಿಲ್ಲ. ನಾವೂ ತಿಂದು, ಆಮೇಲೆ ಚೊಂಬುಗಟ್ಟಲೆ ಮಜ್ಜಿಗೆ ಕುಡಿದವರೇ.

ಆ ಪ್ಯಾಕೆಟ್ ಬಗ್ಗೆ ಏನಾದರೂ ಬರೆಯೋಣ ಅಂತ ಓದಲು ಕೂತಾಗ ಸಿಕ್ಕಿದ್ದು ಬೇರೆಯದೇ ಕತೆ. ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನಲ್ಲಿ ಉಲ್ಜಿರೊ ಅಂತ ಒಂದು ಬೀದಿ. ಅಲ್ಲಿ ಉಲ್ಜಿ ಮ್ಯೋನೊಕ್ ಎಂಬ ನೂಡಲ್ಸ್ ಹೋಟೆಲ್ ಇತ್ತು. 1985ರಲ್ಲಿ ಶುರುವಾಗಿದ್ದು. 2022ರ ಜೂನ್ 25ರಂದು ಬಾಗಿಲು ಹಾಕಿತು. ವ್ಯಾಪಾರ ಇಲ್ಲದೆ ಅಲ್ಲ. ಕೊನೆಯ ದಿನವೂ ಬಿಸಿಲಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಆ ಜಾಗದಲ್ಲಿ ದೊಡ್ಡ ಕಟ್ಟಡಗಳು ಬರಬೇಕಿತ್ತು, ಕೋರ್ಟು ಖಾಲಿ ಮಾಡಿ ಅಂದಿತು, ಅವರು ಮಾಡಿದರು. ಕಟ್ಟಡ ಉರುಳಿತು. 2024ರ ಏಪ್ರಿಲ್‌ನಲ್ಲಿ ಅದೇ ಸಿಯೋಲ್‌ನ ನಾಗ್ವನ್‌ದೊಂಗ್ ಅನ್ನುವ ಕಡೆ ಅದೇ ಹೆಸರಿನಲ್ಲಿ ಮತ್ತೆ ತೆರೆದರು.

ಇದನ್ನು ಓದಿ ಹೇಳುತ್ತಿದ್ದಾಗ ನಮ್ಮಲ್ಲೇ ಒಬ್ಬ ಅಂದ: "ಬೇರೆ ಕಡೆ ತೆರೆದಿದ್ದಾರಲ್ಲಪ್ಪ, ಮತ್ತಿನ್ನೇನು? ಅದೇ ಅಡುಗೆ, ಅದೇ ಹೆಸರು. ಗೋಳಾಡೋಕೆ ಏನಿದೆ?"

ಈ ಮಾತು ಅವನೊಬ್ಬನದಲ್ಲ. ರಸ್ತೆ, ಮಾಲು, ಮೇಲ್ಸೇತುವೆ ಏನೇ ಬಂದರೂ ಎದ್ದು ನಿಲ್ಲುವ ಮಾತು ಇದು. ಆವತ್ತು ರಾತ್ರಿ ಹನ್ನೊಂದರವರೆಗೆ ಜಗಳ ಆಡಿದೆವು. ನಾವು ಆ ಹೋಟೆಲ್‌ನಲ್ಲಿ ಉಂಡವರಲ್ಲ, ಸಿಯೋಲ್ ನೋಡಿದವರೂ ಅಲ್ಲ. ಆದರೂ ಹೇಳುತ್ತೇವೆ: ಆ ಮಾತು ತಪ್ಪು. ಯಾಕೆ ಅಂತ ಹೇಳಬೇಕಾದರೆ ಮೊದಲು ತಟ್ಟೆಯಲ್ಲಿ ಏನಿತ್ತು ಅಂತ ನೋಡಬೇಕು.

ಅಲ್ಲಿ ಬಡಿಸುತ್ತಿದ್ದದ್ದು ನೆಂಗ್‌ಮ್ಯೋನ್. 'ನೆಂಗ್' ಅಂದರೆ ತಣ್ಣಗಿನದು, 'ಮ್ಯೋನ್' ಅಂದರೆ ನೂಡಲ್ಸ್. ರೀಲ್ಸ್‌ನ ಖಾರ ಇದರಲ್ಲಿ ಇಲ್ಲವೇ ಇಲ್ಲ. ಬಕ್‌ವೀಟ್ ಹಿಟ್ಟಿನ ಎಳೆಗಳು. ಹೆಸರಲ್ಲಿ ವೀಟ್ ಇದ್ದರೂ ಅದು ಗೋಧಿಯಲ್ಲ. ಉತ್ತರ ಭಾರತದವರು ಕುಟ್ಟು ಅಂತ ಕರೆದು ಉಪವಾಸದ ದಿನ ತಿನ್ನುವ ಕಾಳು. ಗೋಧಿಯ ಅಂಟು ಇದಕ್ಕಿಲ್ಲ. ಲಟ್ಟಿಸಿ ಎಳೆಯಲು ಹೋದರೆ ತುಂಡಾಗುತ್ತದೆ. ಅದಕ್ಕೇ ತೂತಿನ ಅಚ್ಚಿಗೆ ಹಿಟ್ಟು ತುಂಬಿ, ಮೇಲಿನಿಂದ ಒತ್ತಿ, ನೇರವಾಗಿ ಕುದಿಯುವ ನೀರಿಗೇ ಬೀಳಿಸುತ್ತಾರೆ. ಹಳೇ ಕಾಲದಲ್ಲಿ ಮರದ ದೊಡ್ಡ ಒತ್ತು, ಅದರ ಉದ್ದನೆಯ ತೊಲೆಯ ಮೇಲೆ ಆಳೇ ಹತ್ತಿ ಭಾರ ಬಿಡುತ್ತಿದ್ದರು. ಒತ್ತು ಶಾವಿಗೆ ಮಾಡಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಮುದ್ದೆಯನ್ನು ಮೊದಲು ಬೇಯಿಸಿ ಆಮೇಲೆ ಒತ್ತುತ್ತೇವೆ, ಅವರು ಮೊದಲು ಒತ್ತಿ ಆಮೇಲೆ ಬೇಯಿಸುತ್ತಾರೆ, ಅಷ್ಟೇ.

ಬೆಂದ ಎಳೆಯನ್ನು ತಣ್ಣೀರಿನಲ್ಲಿ ತೊಳೆದು, ಬಟ್ಟಲಲ್ಲಿ ಸುತ್ತಿಟ್ಟು, ಮೇಲೆ ಮಾಂಸ ಬೇಯಿಸಿದ ತಿಳಿ ನೀರು ಸುರಿಯುತ್ತಾರೆ. ಮೂಲಂಗಿಯನ್ನು ಉಪ್ಪುನೀರಿನಲ್ಲಿ ಹುಳಿ ಬರಿಸಿದ ರಸವನ್ನು ಬೆರೆಸುವುದೂ ಉಂಟು. ಉಲ್ಜಿ ಮ್ಯೋನೊಕ್‌ನಲ್ಲಿ ಅದರ ಮೇಲೆ ಒಂದು ಚಿಟಿಕೆ ಮೆಣಸಿನಪುಡಿ, ಹೆಚ್ಚಿದ ಈರುಳ್ಳಿ ಹೂವು. ಊಟಕ್ಕೆ ಮುಂಚೆ ನೂಡಲ್ಸ್ ಬೇಯಿಸಿದ ಬಿಸಿ ನೀರು ಕುಡಿಯಲು ಕೊಡುತ್ತಾರೆ, ನಮ್ಮಲ್ಲಿ ಗಂಜಿ ತಿಳಿ ಕೊಟ್ಟ ಹಾಗೆ. ರುಚಿ ಹೇಗೆ? ಸಪ್ಪೆ. ಮೊದಲ ಸಲ ತಿಂದ ಕೊರಿಯಾದ ಹುಡುಗರೇ ನೆಲ ಒರೆಸಿದ ಬಟ್ಟೆ ಹಿಂಡಿದ ನೀರು ಅಂತ ಗೇಲಿ ಮಾಡುತ್ತಾರೆ. ಮೂರು ನಾಲ್ಕು ಸಲ ತಿಂದ ಮೇಲೆ ಬಿಡಲು ಆಗುವುದಿಲ್ಲವಂತೆ.

ಇದು ಬೇಸಿಗೆಯ ತಿಂಡಿ ಅಂತ ಈಗ ಎಲ್ಲರೂ ಅಂದುಕೊಂಡಿದ್ದಾರೆ. ಮೊದಲು ಹಾಗಿರಲಿಲ್ಲ. 1849ರಲ್ಲಿ ಕೊರಿಯಾದ ಹಬ್ಬ-ಋತುಗಳ ಬಗ್ಗೆ ಬರೆದ 'ದೊಂಗ್ಗುಕ್ ಸೆಸಿಗಿ' ಎಂಬ ಪುಸ್ತಕ ಇದನ್ನು ಚಳಿಗಾಲದ ಊಟ ಅನ್ನುತ್ತದೆ, ವಾಯವ್ಯ ಭಾಗದ್ದು ಶ್ರೇಷ್ಠ ಅನ್ನುತ್ತದೆ. ಹೊರಗೆ ಹಿಮ, ಒಳಗೆ ಒಲೆಯ ಶಾಖದಿಂದ ಬೆಚ್ಚಗಾದ ನೆಲ, ಅದರ ಮೇಲೆ ಕೂತು ಮಂಜುಗಡ್ಡೆ ತೇಲುವ ಮೂಲಂಗಿ ರಸದಲ್ಲಿ ನೂಡಲ್ಸ್. ವಾಯವ್ಯ ಅಂದರೆ ಪ್ಯೊಂಗ್‌ಯಾಂಗ್ ಕಡೆ. ಈಗ ಅದು ಉತ್ತರ ಕೊರಿಯಾ.

ನಮ್ಮ ವಾದ ಶುರುವಾಗುವುದು ಇಲ್ಲಿಂದ.

1950ರ ಜೂನ್ 25ರಂದು ಕೊರಿಯಾ ಯುದ್ಧ ಶುರುವಾಯಿತು. (ಹೋಟೆಲ್ ಬಾಗಿಲು ಹಾಕಿದ ತಾರೀಕನ್ನು ಇನ್ನೊಮ್ಮೆ ಓದಿ.) ಆ ಚಳಿಗಾಲದಲ್ಲಿ ಉತ್ತರದಿಂದ ಲಕ್ಷಾಂತರ ಜನ ದಕ್ಷಿಣಕ್ಕೆ ಓಡಿ ಬಂದರು. ಹುಂಗ್‌ನಾಮ್ ಎಂಬ ಬಂದರಿನಿಂದ ಹೊರಟ ಮೆರೆಡಿತ್ ವಿಕ್ಟರಿ ಅನ್ನುವ ಒಂದೇ ಸರಕಿನ ಹಡಗು ಸುಮಾರು 14,000 ಜನರನ್ನು ತುಂಬಿಕೊಂಡು ಬಂತು. ಯುದ್ಧ ಮುಗಿದ ಮೇಲೆ ವಾಪಸ್ ಹೋದರಾಯಿತು ಅಂದುಕೊಂಡಿದ್ದವರೇ ಹೆಚ್ಚು. 1953ರಲ್ಲಿ ಕದನ ನಿಂತಿತು, ನಡುವೆ ಗಡಿ ಬಿತ್ತು. ಅವತ್ತು ಮುಚ್ಚಿದ ದಾರಿ ಇವತ್ತಿಗೂ ಮುಚ್ಚಿದೆ. ಕಾಗದ ಹೋಗುವುದಿಲ್ಲ, ಫೋನ್ ಹೋಗುವುದಿಲ್ಲ.

ಒಂದು ಮಾತು ಮಧ್ಯೆ ಹೇಳಿಬಿಡುತ್ತೇವೆ. ಆ ಗಡಿಯ ಹತ್ತಿರ, ತಮ್ಮ ದೇಶಕ್ಕೆ ಹಿಂತಿರುಗಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧ ಕೈದಿಗಳನ್ನು ನೋಡಿಕೊಂಡಿದ್ದು ಭಾರತದ ಸೇನೆ. ಅವರ ಹಣೆಬರಹ ತೀರ್ಮಾನಿಸುವ ಆಯೋಗದ ಅಧ್ಯಕ್ಷರಾಗಿ 1953-54ರಲ್ಲಿ ಅಲ್ಲಿದ್ದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಮನೆಗೆ ಹೋಗುವುದು ಅಂದರೆ ಎಷ್ಟು ಜಟಿಲವಾದ ಮಾತು ಅಂತ ಆ ಚಳಿಯಲ್ಲಿ ಕೂತು ನೋಡಿದ ಕನ್ನಡ ನಾಡಿನ ಮನುಷ್ಯ.

ಓಡಿಬಂದವರು ಕೈಯಲ್ಲಿ ಏನೂ ತರಲಿಲ್ಲ. ಗೊತ್ತಿದ್ದ ಅಡುಗೆ ಮಾತ್ರ ತಂದರು. ಪುಸಾನ್ ಬಂದರಿನ ಉಆಮ್‌ದೊಂಗ್‌ನಲ್ಲಿ ಜಪಾನಿಯರ ಕಾಲದಲ್ಲಿ ದನ ಕಟ್ಟುತ್ತಿದ್ದ ಕೊಟ್ಟಿಗೆಗಳಿದ್ದವು. ನಿರಾಶ್ರಿತರು ಆ ಕೊಟ್ಟಿಗೆಗಳನ್ನೇ ಮನೆ ಮಾಡಿಕೊಂಡರು. ಹುಂಗ್‌ನಾಮ್ ಕಡೆ ನೂಡಲ್ಸ್ ಹೋಟೆಲ್ ನಡೆಸಿದ್ದ ಒಂದು ಕುಟುಂಬ ಅಲ್ಲೇ ಮತ್ತೆ ಒಲೆ ಹಚ್ಚಿತು. ಬೇಕಾದ ಹಿಟ್ಟು ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಅಮೆರಿಕದಿಂದ ನೆರವಾಗಿ ಬಂದ ಗೋಧಿ ಹಿಟ್ಟು. ಅದರಲ್ಲೇ ಎಳೆ ಒತ್ತಿದರು. ಅದಕ್ಕೆ 'ಮಿಲ್‌ಮ್ಯೋನ್' ಅಂತ ಹೆಸರಾಯಿತು, ಗೋಧಿ ನೂಡಲ್ಸ್ ಅಂತ. ಈಗ ಅದು ಪುಸಾನ್‌ನ ಹೆಮ್ಮೆಯ ತಿಂಡಿ. ನಮ್ಮ ಅಪ್ಪ-ಚಿಕ್ಕಪ್ಪಂದಿರು ಶಾಲೆಯಲ್ಲಿ ತಿಂದ 'ಕೇರ್' ಉಪ್ಪಿಟ್ಟು ನೆನಪಿದೆಯಾ? ಅದೂ ಅದೇ ಅಮೆರಿಕದ ನೆರವಿನ ಧಾನ್ಯ. ಒಂದೇ ಉಗ್ರಾಣದ ಚೀಲ ಅಲ್ಲಿ ನೂಡಲ್ಸ್ ಆಯಿತು, ಇಲ್ಲಿ ಉಪ್ಪಿಟ್ಟಾಯಿತು.

ಉಲ್ಜಿ ಮ್ಯೋನೊಕ್ ಕೂಡ ಇಂಥದೇ ಬಳ್ಳಿಯ ಕಾಯಿ. ಪ್ಯೊಂಗ್‌ಯಾಂಗ್‌ನಿಂದ ಯುದ್ಧದಲ್ಲಿ ಓಡಿಬಂದ ದಂಪತಿ 1969ರಲ್ಲಿ ಗಡಿಗೆ ಹತ್ತಿರದ ಯೊಂಚನ್ ಜಿಲ್ಲೆಯಲ್ಲಿ ಹೋಟೆಲ್ ಹಾಕಿದರು, ಆಮೇಲೆ ಉಯಿಜಂಗ್‌ಬು ಎಂಬ ಊರಿಗೆ ಬಂದರು. ಅವರ ಇಬ್ಬರು ಹೆಣ್ಣುಮಕ್ಕಳು ಸಿಯೋಲ್‌ನಲ್ಲಿ ಒಂದೊಂದು ಹೋಟೆಲ್ ಶುರು ಮಾಡಿದರು. ಅದರಲ್ಲಿ ಒಂದು ಇದು. ಮೂರಕ್ಕೂ ಒಂದೇ ಕೈರುಚಿ.

ಈಗ ಗಿರಾಕಿಗಳ ಕಡೆ ನೋಡಿ. ಉಲ್ಜಿರೊದಲ್ಲಿ ಎರಡು ಅಂಗಡಿಗಳ ಸಂದಿಯಲ್ಲಿ ಕಿರಿದಾದ ಓಣಿಯಂಥ ಬಾಗಿಲು, ಒಳಗೆ ಹೋದರೆ ಹಳೇ ಮೇಜು-ಕುರ್ಚಿ. ಮಧ್ಯಾಹ್ನದ ಹೊತ್ತು ಒಬ್ಬೊಬ್ಬರೇ ಬಂದು ಕೂರುವ ಮುದುಕರು. ಒಂದು ತಟ್ಟೆ ಬೇಯಿಸಿದ ಮಾಂಸ, ಒಂದು ಸಣ್ಣ ಬಾಟಲಿ ಸೋಜು, ಕೊನೆಗೆ ಒಂದು ಬಟ್ಟಲು ನೂಡಲ್ಸ್. ಅವರಲ್ಲಿ ಎಷ್ಟೋ ಜನ ಉತ್ತರದವರು. ಹುಟ್ಟಿದ ಮನೆಗೆ ನೂರಿನ್ನೂರು ಕಿಲೋಮೀಟರ್ ದೂರ, ಆದರೆ ಬದುಕಿರುವಾಗ ಹೋಗಲಾಗದ ದೂರ. ಹೆಂಡತಿಯನ್ನು ಕರೆತಂದರು, ಮಗನನ್ನು ಕರೆತಂದರು, ಮೊಮ್ಮಗನನ್ನು ಕರೆತಂದರು. ಸಪ್ಪೆ ಅಂದ ಮೊಮ್ಮಗ ದೊಡ್ಡವನಾಗಿ, ತಾತ ಸತ್ತ ಮೇಲೆ, ತಾನೇ ಬಂದು ಆ ಮೇಜಿನಲ್ಲಿ ಕೂತ. ತಾತನ ಊರನ್ನು ಅವನು ನೋಡಿಲ್ಲ, ನೋಡುವ ಹಾಗೂ ಇಲ್ಲ. ಅವನ ಪಾಲಿಗೆ ತಾತನ ಊರು ಅಂದರೆ ಆ ಮೇಜು.

ದಕ್ಷಿಣ ಕೊರಿಯಾದಲ್ಲಿ ಗಡಿಯಾಚೆ ಉಳಿದ ನೆಂಟರನ್ನು ಹುಡುಕಿಕೊಡಿ ಅಂತ 1988ರಿಂದ ಸರ್ಕಾರದಲ್ಲಿ ಹೆಸರು ಬರೆಸಿದವರು 1 ಲಕ್ಷ 30 ಸಾವಿರಕ್ಕೂ ಹೆಚ್ಚು. ಅವರಲ್ಲಿ ಹೆಚ್ಚಿನವರು ಕಾಯುತ್ತಲೇ ತೀರಿಕೊಂಡರು. ಎರಡೂ ಕಡೆಯವರನ್ನು ಕೂಡಿಸುವ ಭೇಟಿ ಕೊನೆಯ ಸಲ ನಡೆದಿದ್ದು 2018ರ ಆಗಸ್ಟ್‌ನಲ್ಲಿ. ಅದೇ ವರ್ಷ ಏಪ್ರಿಲ್ 27ರಂದು ಎರಡೂ ದೇಶಗಳ ನಾಯಕರು ಗಡಿಯಲ್ಲಿ ಭೇಟಿಯಾದಾಗ ಉತ್ತರದ ಕಿಮ್ ಜಾಂಗ್ ಉನ್ ತಂದಿದ್ದು ಇದೇ ನೂಡಲ್ಸ್, ಪ್ಯೊಂಗ್‌ಯಾಂಗ್‌ನ ಒಕ್ರ್ಯುಗ್ವಾನ್ ಎಂಬ ಪ್ರಸಿದ್ಧ ಹೋಟೆಲಿನದು. ದೂರದಿಂದ ತಂದಿದ್ದೇವೆ ಅಂದವರು, ದೂರ ಅನ್ನಬಾರದಿತ್ತೇನೋ ಅಂತ ಅಲ್ಲೇ ತಿದ್ದಿಕೊಂಡರು. ಆವತ್ತು ಮಧ್ಯಾಹ್ನ ಸಿಯೋಲ್‌ನ ನೆಂಗ್‌ಮ್ಯೋನ್ ಹೋಟೆಲ್‌ಗಳ ಮುಂದೆ ಬೀದಿಯುದ್ದಕ್ಕೂ ಸಾಲು. ಜನ ಅಣುಬಾಂಬಿನ ಒಪ್ಪಂದ ಓದಲು ಕೂರಲಿಲ್ಲ, ಬಟ್ಟಲು ಹಿಡಿಯಲು ಹೋದರು.

ಇಷ್ಟು ತಿಳಿದ ಮೇಲೆ ಕಟ್ಟಡದ ವಿಷಯಕ್ಕೆ ಬನ್ನಿ. ಸಿಯೋಲ್ ನಗರಾಡಳಿತ 2015ರಲ್ಲಿ ಈ ಹೋಟೆಲನ್ನು 'ಬದುಕಿನ ಪರಂಪರೆ' ಅಂತ ಪಟ್ಟಿಗೆ ಸೇರಿಸಿತ್ತು. ಕಾಗದದಲ್ಲಿ ಗೌರವ. ಅದೇ ಜಾಗ ಮರು ಅಭಿವೃದ್ಧಿಯ ನಕ್ಷೆಯಲ್ಲೂ ಇತ್ತು. 2019ರ ಜನವರಿಯಲ್ಲಿ ಹಳೇ ಹೋಟೆಲ್‌ಗಳು ಹೋಗುತ್ತವೆ ಅಂತ ಸುದ್ದಿಯಾದಾಗ ಜನ ರೇಗಿದರು, ಆಗಿನ ಮೇಯರ್ ಪಾರ್ಕ್ ವೊನ್‌ಸೂನ್ ಯೋಜನೆಯನ್ನು ಮತ್ತೆ ಪರಿಶೀಲಿಸುತ್ತೇವೆ ಅಂದರು. ಮೂರು ವರ್ಷ ಕಳೆಯಿತು. ಪಟ್ಟಿ ಉಳಿಯಿತು, ಹೋಟೆಲ್ ಉಳಿಯಲಿಲ್ಲ.

ಮುಚ್ಚಿಡುವುದು ಬೇಡ, ದುಡ್ಡಿನ ಜಗಳವೂ ಇತ್ತು. ಹೋಟೆಲಿನವರಿಗೂ ಕಟ್ಟಡ ಕಟ್ಟುವವರಿಗೂ ಪರಿಹಾರದ ಮೊತ್ತದಲ್ಲಿ ಹೊಂದಾಣಿಕೆ ಆಗಲಿಲ್ಲ. "ನೋಡಿದ್ರಾ, ಕೊನೆಗೆ ಎಲ್ಲಾ ದುಡ್ಡಿಗೇ" ಅಂತ ನಮ್ಮ ಗೆಳೆಯ ಇಲ್ಲಿ ಮೀಸೆ ತಿರುವಿದ. ದುಡ್ಡು ಕೇಳಬಾರದಾ? ಮೂವತ್ತೇಳು ವರ್ಷ ದುಡಿದ ಜಾಗಕ್ಕೆ ಬೆಲೆ ಕೇಳುವುದು ಪಾಪವಲ್ಲ. ನಮ್ಮ ಪ್ರಶ್ನೆ ಬೇರೆ. ಆ ಲೆಕ್ಕದ ಪುಸ್ತಕದಲ್ಲಿ ಜಾಗದ ಅಳತೆಗೆ ಒಂದು ಕಾಲಂ ಇದೆ. ನಾವು ಗುಂಟೆ ಅನ್ನುವ ಹಾಗೆ ಅವರಲ್ಲಿ ಪ್ಯಂಗ್ ಅಂತ ಲೆಕ್ಕ. ಕಟ್ಟಡದ ವಯಸ್ಸಿಗೆ ಕಾಲಂ ಇದೆ. ಮಾಲೀಕರಿಗೆ ಇದೆ. ಮೂವತ್ತು ವರ್ಷದಿಂದ ಅದೇ ಮೂಲೆಯಲ್ಲಿ ಕೂತ ಮುದುಕನಿಗೆ ಯಾವ ಕಾಲಂ? ಅವನು ಮಾಲೀಕನಲ್ಲ, ಬಾಡಿಗೆದಾರನಲ್ಲ, ಅರ್ಜಿದಾರನಲ್ಲ. ಕೋರ್ಟಿಗೆ ಅವನು ಕಾಣುವುದೇ ಇಲ್ಲ. ಹೋಟೆಲಿನವರಿಗೆ ಪರಿಹಾರ ಸಿಗಬಹುದು, ಹೊಸ ಜಾಗ ಸಿಗಬಹುದು. ಕಳೆದುಕೊಂಡವನು ಇನ್ನೊಬ್ಬ, ಅವನ ಹೆಸರು ಕಡತದಲ್ಲೇ ಇಲ್ಲ.

"ಇದೆಲ್ಲ ಭಾವನೆ ಕಣ್ರೋ, ಭಾವನೆಯಿಂದ ಊರು ಕಟ್ಟೋಕಾಗಲ್ಲ" ಅನ್ನುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿನ ಮಲ್ಲಿಗೆ ಅನ್ನುವ ಹಾಗೆ ಮಾತಾಡುತ್ತಾರೆ. ಸ್ವಾಮಿ, ಇದು ಮಲ್ಲಿಗೆ ಅಲ್ಲ, ಹಿಟ್ಟೇ. ನೂಡಲ್ಸ್ ಅಲ್ಲಿ ಬರೀ ತಿಂಡಿಯಲ್ಲ ಅನ್ನುವುದಕ್ಕೆ ಅವರ ಮಾತೇ ಸಾಕ್ಷಿ. ಮದುವೆಗೆ ಬಂದ ಹುಡುಗ-ಹುಡುಗಿಯರನ್ನು ನಮ್ಮಲ್ಲಿ "ಊಟ ಯಾವಾಗ ಹಾಕಿಸ್ತೀಯಪ್ಪ" ಅಂತ ಕೇಳುವ ಹಾಗೆ ಅಲ್ಲಿ "ನೂಡಲ್ಸ್ ಯಾವಾಗ ತಿನ್ನಿಸ್ತೀಯ" ಅಂತ ಕೇಳುತ್ತಾರೆ. ಎಳೆ ಉದ್ದ ಇದ್ದಷ್ಟು ಆಯುಸ್ಸು ಅಂತ ನಂಬಿಕೆ. ಕತ್ತರಿಯಿಂದ ಎಳೆ ಕತ್ತರಿಸಿದರೆ ಕೆಲವು ಹಿರಿಯರು ಈಗಲೂ ಮುಖ ಸಿಂಡರಿಸುತ್ತಾರೆ. ಶಾಲೆ ಮುಗಿಸಿದ ದಿನ, ಮನೆ ಬದಲಾಯಿಸಿದ ದಿನ ಮನೆಯವರೆಲ್ಲ ಕೂತು ಕಪ್ಪು ಸೋಯಾ ಗೊಜ್ಜಿನ ಜಜಂಗ್‌ಮ್ಯೋನ್ ತಿನ್ನುವುದು ರೂಢಿ. ಮನೆಯ ದೊಡ್ಡ ದಿನಗಳೆಲ್ಲ ಯಾವುದೋ ಒಂದು ಬಟ್ಟಲಿಗೆ ಕಟ್ಟಿಕೊಂಡಿರುತ್ತವೆ. ಬಟ್ಟಲು ಇಟ್ಟ ಜಾಗ ಎಲ್ಲಿದ್ದರೂ ಒಂದೇ ಅನ್ನುವವರು, ತಮ್ಮ ಅವ್ವನ ಅಡುಗೆಮನೆಯ ವಿಷಯದಲ್ಲೂ ಹಾಗೇ ಅನ್ನುತ್ತಾರಾ?

ನಮ್ಮ ಕಡೆಯವರಿಗೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಆ ಹೋಟೆಲ್ ಇದ್ದದ್ದು ಲೇತ್, ವೆಲ್ಡಿಂಗ್, ಬೋಲ್ಟು-ನಟ್ಟು, ಕಬ್ಬಿಣದ ಕೆಲಸದವರ ಬೀದಿಯಲ್ಲಿ. ಆ ಓಣಿಗಳಲ್ಲಿ ಒಂದು ಸುತ್ತು ಹಾಕಿದರೆ ಟ್ಯಾಂಕೇ ಜೋಡಿಸಿಕೊಂಡು ಬರಬಹುದು ಅಂತ ಸಿಯೋಲ್‌ನವರು ತಮಾಷೆ ಮಾಡುತ್ತಿದ್ದರು. ಒಬ್ಬ ಅಚ್ಚು ಹೊಯ್ಯುತ್ತಾನೆ, ಪಕ್ಕದವನು ಕೊರೆಯುತ್ತಾನೆ, ಎದುರಿನವನು ಹೊಳಪು ಕೊಡುತ್ತಾನೆ. ಒಬ್ಬನಿಲ್ಲದೆ ಇನ್ನೊಬ್ಬನ ಕೆಲಸ ಸಾಗದು. ಅವರ ಅಂಗಡಿಗಳೂ ಹೋದವು. ಆದರೆ 2019ರಲ್ಲಿ ದೊಡ್ಡ ಅಕ್ಷರದ ಸುದ್ದಿಯಾದದ್ದು ನೂಡಲ್ಸ್ ಹೋಟೆಲ್. ಲೇತ್‌ನವನ ಫೋಟೋ ಒಳಪುಟಕ್ಕೆ. ಬಾಯಿಗೆ ರುಚಿ ಕೊಟ್ಟದ್ದನ್ನು ಉಳಿಸಿ ಅನ್ನಲು ನಾಲಿಗೆ ಬೇಗ ಏಳುತ್ತದೆ, ಕೈಗೆ ಎಣ್ಣೆ ಮೆತ್ತಿಕೊಂಡವನನ್ನು ಉಳಿಸಿ ಅನ್ನಲು ಏಳುವುದಿಲ್ಲ. ನೆನಪಿನ ಹೆಸರಿನಲ್ಲಿ ಹೋರಾಡುವವರು ಈ ತಪ್ಪನ್ನು ಎಲ್ಲಾ ಕಡೆ ಮಾಡುತ್ತಾರೆ. ಆ ಹೋಟೆಲನ್ನು ಹೋಟೆಲ್ ಮಾಡಿದ್ದು ಅಡುಗೆಯವರೊಬ್ಬರೇ ಅಲ್ಲ. ಹನ್ನೆರಡೂವರೆಗೆ ಕೈ ತೊಳೆದುಕೊಂಡು ನಡೆದೇ ಬಂದು ಕೂರುತ್ತಿದ್ದ ಆ ಕೆಲಸಗಾರರೂ ಹೌದು.

ಅದಕ್ಕೇ "ಬೇರೆ ಕಡೆ ತೆರೆದಿದ್ದಾರಲ್ಲ" ಅನ್ನುವುದು ಅರ್ಧ ಮಾತು. ಅಡುಗೆ ಹೋಯಿತು, ಸರಿ. ಒಲೆ ಹೋಯಿತು, ಹೆಸರಿನ ಹಲಗೆ ಹೋಯಿತು. ಸುತ್ತಲಿನ ಬೀದಿಯನ್ನು ಮಡಚಿ ಲಾರಿಯಲ್ಲಿ ಹಾಕಿಕೊಂಡು ಹೋಗಲು ಆಗುತ್ತದೆಯೇ? ಎಂಬತ್ತೈದು ದಾಟಿದವನ ಕಾಲಿಗೆ ಗೊತ್ತಿರುವುದು ಒಂದೇ ದಾರಿ. ಎರಡು ವರ್ಷ ಬಾಗಿಲು ಮುಚ್ಚಿತ್ತಲ್ಲ, ಆ ವಯಸ್ಸಿನಲ್ಲಿ ಎರಡು ವರ್ಷ ಅಂದರೆ ಎಷ್ಟು ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ.

ಇನ್ನೊಂದು ಸಂಗತಿ ಓದಿ ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೋಟೆಲ್ ಮುಚ್ಚಿದ್ದು 2022ರ ಜೂನ್. ಅದೇ ವರ್ಷದ ನವೆಂಬರ್‌ನಲ್ಲಿ ಯುನೆಸ್ಕೊ, ಉತ್ತರ ಕೊರಿಯಾದ ಅರ್ಜಿಯ ಮೇಲೆ, ಪ್ಯೊಂಗ್‌ಯಾಂಗ್ ನೆಂಗ್‌ಮ್ಯೋನ್ ಪದ್ಧತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಕಡೆ ಜಗತ್ತಿನ ಆಸ್ತಿ ಅಂತ ಚಪ್ಪಾಳೆ. ಇನ್ನೊಂದು ಕಡೆ ಅದೇ ನೂಡಲ್ಸ್ ಬಡಿಸುತ್ತಿದ್ದ ಮನೆಯ ಗೋಡೆಗೆ ಯಂತ್ರ. ತಿಂಡಿಗೆ ಸನ್ಮಾನ ಮಾಡುವುದು ಸುಲಭ, ಯಾರ ಜಾಗವನ್ನೂ ಬಿಟ್ಟುಕೊಡಬೇಕಿಲ್ಲ. ಹೆಣಕ್ಕೆ ಶೃಂಗಾರ ಅಂದರೆ ಇದೇ.

ನಾವು ಪತ್ರಿಕೋದ್ಯಮ ಓದಿದವರು, ನಮ್ಮ ತಪ್ಪೂ ಇದೆ. ಟ್ರೈನಿಯಾಗಿದ್ದಾಗ ನಾವೂ ಎರಡು ಕಾಲಂ ಸುದ್ದಿ ಬರೆದಿದ್ದೇವೆ: ಹಳೇ ಕಟ್ಟಡ ತೆರವು, ಸಾರ್ವಜನಿಕರ ಹಿತದೃಷ್ಟಿಯಿಂದ ಕ್ರಮ, ಅಧಿಕಾರಿಗಳು ಹಾಜರಿದ್ದರು. ಆ ಕಟ್ಟಡದಲ್ಲಿ ಯಾರು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದರು, ಯಾರ ಹೆಣ್ಣು ನೋಡುವ ಮಾತು ಆ ಬೆಂಚಿನ ಮೇಲೆ ನಡೆಯಿತು ಅಂತ ಒಂದು ಸಾಲೂ ಬರೆಯಲಿಲ್ಲ. ಬರೆದಿದ್ದರೂ ಡೆಸ್ಕಿನಲ್ಲಿ ಕತ್ತರಿಸುತ್ತಿದ್ದರು ಅನ್ನಿ. ಕೇಳಲೇ ಇಲ್ಲವಲ್ಲ, ಅದು ನಮ್ಮ ತಪ್ಪು.

ನಾವು ಕಟ್ಟಡಗಳನ್ನೆಲ್ಲ ಹಾಗೇ ಇಡಿ ಅನ್ನುತ್ತಿಲ್ಲ. ಬೀಳುವ ಗೋಡೆ ಬೀಳಲಿ, ಮನೆಯಿಲ್ಲದವರಿಗೆ ಮನೆ ಆಗಲಿ. ಯೋಜನೆಯ ಕಡತ ತೆರೆಯುವ ಮುಂಚೆ ಅಲ್ಲಿ ದಿನಾ ಉಣ್ಣುವವರನ್ನೂ, ಪಕ್ಕದಲ್ಲಿ ದುಡಿಯುವವರನ್ನೂ ಕೂರಿಸಿ ಕೇಳಿ. ಹೋಟೆಲಿನವರು ಅದೇ ಬೀದಿಗೆ ವಾಪಸ್ ಬರುವಂತೆ ಹೊಸ ಕಟ್ಟಡದ ಕೆಳಗೆ ಜಾಗ ಬರೆದಿಡಿ, ಲೇತ್‌ನವರಿಗೂ ಬರೆದಿಡಿ. ಪಟ್ಟಿಯಲ್ಲಿ ಪರಂಪರೆ ಅಂತ ಹೆಸರು ಸೇರಿಸಿದ ಮೇಲೆ ಆ ಪಟ್ಟಿಗೆ ಕಾನೂನಿನ ಹಲ್ಲು ಕೊಡಿ, ಇಲ್ಲದಿದ್ದರೆ ಸೇರಿಸಲೇಬೇಡಿ. ಸಿಯೋಲ್‌ನಂಥ ಶ್ರೀಮಂತ ಊರಿಗೆ ಇದು ಆಗದ ಕೆಲಸವಾಗಿರಲಿಲ್ಲ.

ಹೊಸ ಹೋಟೆಲ್ ಇರುವ ನಾಗ್ವನ್‌ದೊಂಗ್ ಪಕ್ಕದಲ್ಲಿ ತಪ್ಗೊಲ್ ಪಾರ್ಕ್ ಇದೆ. ನಮ್ಮೂರ ಅರಳಿಕಟ್ಟೆಯ ಹಾಗೆ ಸಿಯೋಲ್‌ನ ಮುದುಕರು ಹೊತ್ತು ಕಳೆಯುವ ಜಾಗ. ಅವರಲ್ಲಿ ಕೆಲವರಾದರೂ ಆ ಬಾಗಿಲು ಹುಡುಕಿಕೊಂಡು ಹೋಗಲಿ, ಬಟ್ಟಲಿನ ಮುಂದೆ ಕೂರಲಿ, ಮೊದಲಿನ ಹಾಗಿಲ್ಲ ಅಂತ ಗೊಣಗಲಿ. ಗೊಣಗುವ ಹಕ್ಕು ಅವರಿಗಿದೆ.

ಜಗಳ ತೆಗೆದ ನಮ್ಮ ಗೆಳೆಯ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಮೊನ್ನೆ ಅವನೇ ಹೇಳಿದ, ಅವರಜ್ಜಿಯ ಶಾವಿಗೆ ಒರಳು ಅಟ್ಟದ ಮೇಲಿದೆಯಂತೆ. ಹೊಸ ಮನೆ ಕಟ್ಟಿಸಿದಾಗ ಅದಕ್ಕೆ ಜಾಗ ಸಾಲದೆ ಮೇಲೆ ಹಾಕಿದ್ದು. ಭಾನುವಾರ ಇಳಿಸಿ ತೊಳೆಯುತ್ತಾನಂತೆ, ಒತ್ತಲು ಇಬ್ಬರು ಬನ್ನಿ ಅಂದಿದ್ದಾನೆ.